ಬಂಡೆಮ್ಮನ ಮಗಳು ಕೊಂಡ ಸ್ಪೀಕರು

ಸಿಟ್ಟು ಬಂದಾಗ ಮನುಷ್ಯರ ದನಿ ಏರುವುದನ್ನು ಅರವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಇಳಿಯುವುದನ್ನು ಕೇಳಿದ್ದು ಸಂಘಮಿತ್ರಾಳಲ್ಲಿ ಮಾತ್ರ. ಎದುರಿಗಿದ್ದವರು ಆಕೆ ಶಾಂತಳಾಗುತ್ತಿದ್ದಾಳೆಂದು ಭ್ರಮಿಸಿ ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ಆ ದನಿ ಇನ್ನೂ ಒಂದು ಪಾವಟಿಗೆ ಕೆಳಗಿಳಿದು, ಮಾತುಗಳ ನಡುವಿನ ಅಂತರ ಹೆಚ್ಚಿ, ಒಂದೊಂದು ಶಬ್ದವೂ ತೂಗಿ ಇಟ್ಟಂತೆ ಬೀಳತೊಡಗುತ್ತದೆ. ಆಗ ಎದ್ದು ಹೋಗುವುದು ಕ್ಷೇಮ. ನಾನು ಎದ್ದು ಹೋಗದೆ ಕುಳಿತವನು, ಕುಳಿತಿರಲು ಕಾರಣವಿದ್ದವನು.

ಆಕೆ ಕಲಬುರಗಿಯ ಬಸ್ ಡಿಪೋ ಒಂದರಲ್ಲಿ ಮೆಕ್ಯಾನಿಕ್. ವಯಸ್ಸು ಮೂವತ್ತೆರಡು. ಎತ್ತರದ ಆಳು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಚೂಡಿದಾರದ ಮೇಲೆ ಡಿಪೋದ ಕಡುನೀಲಿ ಕೋಟು, ಅದೂ ನೆತ್ತಿ ಸುಡುವ ನಮ್ಮೂರಿನ ಮೇ ತಿಂಗಳಲ್ಲಿ. ಕೋಟಿನ ಬಲಗಿಸೆಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇರುತ್ತದೆ. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೇಲಿಟ್ಟು ಹಿಡಿಕೆಯನ್ನು ಕಿವಿಗೊತ್ತಿಕೊಂಡರೆ ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಬಡಿಯುತ್ತಿದೆ ಎಂದು ಆಕೆ ಹೇಳಬಲ್ಲಳು. ಮತ್ತೊಂದು ಅಭ್ಯಾಸ: ಕಂಡ ವಸ್ತುವನ್ನೆಲ್ಲ ಬೆರಳಗೆಣ್ಣಿನಿಂದ ಬಡಿದು ನೋಡುವುದು. ನಮ್ಮ ಮನೆಗೆ ಬಂದ ಮೊದಲ ದಿನವೇ ಬಾಗಿಲು, ಮೇಜು, ಪುಸ್ತಕದ ಕಪಾಟು ಮೂರನ್ನೂ ಬಡಿದು, ಮೂರೂ ಟೊಳ್ಳೆಂದು ತೀರ್ಮಾನಿಸಿದವಳಂತೆ ಮುಖ ಮಾಡಿದ್ದಳು.

ಆ ಮೊದಲ ದಿನವನ್ನು ಹೇಳಬೇಕು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಬ್ರಹ್ಮಪುರದಲ್ಲಿ ವಾಸ. ಇಪ್ಪತ್ಮೂರು ವರ್ಷಗಳ ಹಿಂದೆ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಊರೂರು ಅಲೆದು ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ ಒಂದು ಪುಸ್ತಕ ಮಾಡಿದ್ದೆ. ಅದಕ್ಕೊಂದು ಬಹುಮಾನವೂ ಬಂದಿತ್ತು. ಹೋದ ವರ್ಷ ಫೆಬ್ರವರಿಯ ಒಂದು ರವಿವಾರ ಬೆಳಿಗ್ಗೆ, ರದ್ದಿ ಗಾಡಿಯಲ್ಲಿ ಸಿಕ್ಕ ಆ ಪುಸ್ತಕದ ಪ್ರತಿಯೊಂದನ್ನು ಹಿಡಿದು ಸಂಘಮಿತ್ರಾ ನನ್ನ ಬಾಗಿಲಲ್ಲಿ ನಿಂತಿದ್ದಳು.

"ಈ ಪುಸ್ತಕ ನಿಮ್ದೇನ್ರಿ?"

"ಹೌದು."

"ಹಾಡು ಯಾರವು?"

"ಜನಪದರವು," ಎಂದೆ. ಎಷ್ಟು ವೇದಿಕೆಗಳ ಮೇಲೆ ಹೇಳಿದ ಉತ್ತರವದು!

"ಜನಪದರು ಅಂದ್ರ ಯಾರ್ರಿ? ಇದರಾಗ ಹದಿನಾಲ್ಕು ಹಾಡು ನಮ್ಮವ್ವ ಬಂಡೆಮ್ಮಂದವ. ಕಮಲಾಪುರದಾಗ ನಮ್ಮ ಮನೀ ಅಂಗಳದಾಗ ಕುಂತು ನೀವು ತುಂಬಕೊಂಡು ಹೋದದ್ದು ನನಗ ನೆನಪದ. ನಾ ಒಂಬತ್ತು ವರ್ಷದಾಕಿ ಇದ್ದೆ. ಅಕಿ ಹೆಸರ ಎಲ್ಲದ?"

ನಾನು ಪ್ರಸ್ತಾವನೆಯ ಪುಟ ತೆರೆದು ತೋರಿಸಿದೆ. ಅಲ್ಲಿ 'ಕಮಲಾಪುರದ ಹೆಣ್ಣುಮಗಳೊಬ್ಬಳು' ಎಂದಿತ್ತು. ಓದಿದಳು. ದನಿ ಇಳಿಯಿತು.

"ಒಬ್ಬಳು," ಎಂದಳು. ಪುಸ್ತಕ ಮುಚ್ಚಿ, "ಮೂರು ವರ್ಷದ ಹಿಂದ ಗಂಟಲಿನ್ಯಾಗ ಗಡ್ಡಿ ಆಗಿ ಅಕಿ ದನಿಪೆಟ್ಟಿಗಿ ತಗದಾರ. ಜೀವ ಉಳೀತು, ದನಿ ಹೋತು. ಈಗ ಅಕಿ ದನಿ ಇರೋದು ನಿಮ್ಮ ಮನ್ಯಾಗ ಅಷ್ಟೇ. ಕೊಡ್ರಿ," ಎಂದಳು.

ಕೊಡಲು ನಾನು ಎರಡು ತಾಸು ಹುಡುಕಬೇಕಾಯಿತು. ಶಾಲು, ಸ್ಮರಣಿಕೆ, ಅಭಿನಂದನ ಗ್ರಂಥಗಳ ಕೆಳಗೆ ಒಂದು ಬೂಟಿನ ಡಬ್ಬಿಯಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ 'ಕಮಲಾಪುರ, ೨೦೦೧' ಎಂದಷ್ಟೇ ಬರೆದಿತ್ತು. ಆಕೆ ಅಷ್ಟೂ ಹೊತ್ತು ನಿಂತೇ ಇದ್ದಳು. ಕುರ್ಚಿ ಕೊಟ್ಟರೆ ಬೇಡ, ಚಹಾ ಕೊಟ್ಟರೆ ಬೇಡ.

ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಝಹೀರ್ ಎಂಬವರು ಆ ಕ್ಯಾಸೆಟ್ಟಿನ ಎರಡೂ ಮಗ್ಗುಲನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಅದನ್ನು ಫೋನಿಗೆ ಹಾಕಿಕೊಂಡು ಸಂಘಮಿತ್ರಾ ಕಮಲಾಪುರಕ್ಕೆ ಓಡಿದಳು. ಬಂಡೆಮ್ಮ ಅಲ್ಲಿ ಹಿರಿಮಗಳು ಸುಜಾತಾಳ ಮನೆಯಲ್ಲಿದ್ದಾರೆ. ಆಯುಷ್ಯವೆಲ್ಲ ಬಾಳೆತೋಟಗಳಲ್ಲಿ ದುಡಿದ ಕೈಗಳು ಈಗ ಅವರ ಮಾತು: ಹೌದೆನ್ನಲು ಅಂಗೈಯಿಂದ ನೆಲದ ಫರಸಿಗೆ ಒಮ್ಮೆ ತಟ್ಟುವುದು, ಅಲ್ಲವೆನ್ನಲು ಕೈ ಬೀಸುವುದು. ಫೋನಿನಲ್ಲಿ ಹಾಡು ಶುರುವಾಗಿ ಅರ್ಧ ನಿಮಿಷವಾಗಿರಲಿಲ್ಲ, ಬಂಡೆಮ್ಮ ಫೋನನ್ನು ದೂರ ಹಿಡಿದು ನೋಡಿ, ಕೈ ಬೀಸಿ, ಎದೆ ಮುಟ್ಟಿಕೊಂಡು ಮತ್ತೆ ಕೈ ಬೀಸಿದರಂತೆ. ನನ್ನದಲ್ಲ.

ಸಂಘಮಿತ್ರಾಳ ಸಿಟ್ಟೆಲ್ಲ ಫೋನಿನ ಮೇಲೆ ತಿರುಗಿತು. ಉಗುರಿನಷ್ಟು ಸ್ಪೀಕರಿನಲ್ಲಿ ಅವ್ವನ ದನಿ ಹಿಡಿಯುವುದಾದರೂ ಹೇಗೆ? ಆ ದನಿಯನ್ನು ಆಕೆ ಬಲ್ಲಳು. ತೋಟದ ಆ ತುದಿಯಿಂದ ಕರೆದರೆ ಈ ತುದಿಯಲ್ಲಿ ನಿಂತವರ ಎದೆಗೂಡಿಗೆ ಮುಟ್ಟುತ್ತಿದ್ದ ದಪ್ಪ, ತುಂಬಿದ, ಹೆಣ್ಣುದನಿಗಳಲ್ಲಿ ಅಪರೂಪವೆನ್ನುವಷ್ಟು ಮಂದ್ರದ ದನಿ. ಅಕ್ಕನ ಮನೆಯ ಟೀವಿಗೆ ಹಚ್ಚಿ ನೋಡಿದಳು, ಡಿಪೋದ ಗೆಳತಿಯೊಬ್ಬಳ ಕೈಚೀಲದಷ್ಟಿನ ಸ್ಪೀಕರ್ ತಂದು ನೋಡಿದಳು. ಬಂಡೆಮ್ಮ ಕೈ ಬೀಸುತ್ತಲೇ ಇದ್ದರು. ಇಳಿಸಿಕೊಟ್ಟಿದ್ದೇ ಸರಿಯಿಲ್ಲವೆಂದು ಝಹೀರರ ಅಂಗಡಿಗೂ ಹೋಗಿ ಬೈದಳು.

"ಅಕ್ಕಾ, ತನ್ನ ಆವಾಜ್ ತನಗ ಹಡ್ಡಿ, ಎಲುಬಿನೊಳಗಿಂದ ಕೇಳಸ್ತದ, ಅದಕ್ಕ ದಪ್ಪ ಕೇಳಸ್ತದ," ಎಂದು ಝಹೀರ್ ವಿವರಿಸಿದರು. "ಟೇಪಿನ್ಯಾಗ ಎಲ್ಲಾರದೂ ಪತ್ಲಾ, ಸಣ್ಣ ಆಗ್ತದ. ನಿಮಗ ಗರಂ ಆವಾಜಿಂದು, ತುಂಬಿದ್ದು, ಗೂಡಿನ್ಯಾಗ ಕೂಡುವಂಥ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್ ಬೇಕು. ಮ್ಯಾಲಿನ ಚಮಕ್ ಕಡಿಮಿ, ನಡುವಿನ ಆವಾಜ್ ಹೆಚ್ಚು."

ಆಕೆ ಹತ್ತು ಸಾವಿರ ತೆಗೆದಿಟ್ಟಳು. ಮೇಲೆ ಬೇಕಾದುದನ್ನು ನಾನು ಹಾಕುತ್ತೇನೆಂದಾಗ ನನ್ನನ್ನು ನೋಡಿದ ನೋಟವನ್ನು ಬರೆದು ತಿಳಿಸಲಾರೆ. "ನಿಮ್ಮ ರೊಕ್ಕ ಬ್ಯಾಡ. ನೀವು ಬರ್ರಿ. ಅಕಿ ದನಿ ಎದುರಾ ಕುಂತು ಕೇಳಿದ ಸಾಕ್ಷಿ ನೀವು."

ಹೀಗೆ ಎರಡು ತಿಂಗಳು ನಾನು ಸಾಕ್ಷಿಯಾಗಿ ಆಕೆಯ ಹಿಂದೆ ಅಂಗಡಿಗಳನ್ನು ಸುತ್ತಿದೆ. ಜಗತ್ ಸರ್ಕಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಮಾರಾಟದವನು ನೀಲಿ ಕೆಂಪು ದೀಪ ಮಿನುಗುವ ಆಳೆತ್ತರದ ಡಬ್ಬಿಗಳತ್ತ ನಮ್ಮನ್ನು ನಡೆಸಿ, ಕೇಳಿದ್ದಕ್ಕೂ ಕೇಳದ್ದಕ್ಕೂ ನನ್ನ ಮುಖ ನೋಡಿಯೇ ಉತ್ತರ ಹೇಳುತ್ತ, ಡೋಲು ಬಡಿದಂಥದೇನನ್ನೋ ಹಚ್ಚಿದ. ಗಾಜಿನ ಬಾಗಿಲು ಗದಗದ ನಡುಗಿತು. "ನೋಡ್ರಿ ಸರ್, ಬಾಸ್ ಹೆಂಗದ!"

"ನನಗ ಹೇಳ್ರಿ. ತಗೊಳ್ಳಾಕಿ ನಾನು," ಎಂದಳು ಸಂಘಮಿತ್ರಾ. "ಈ ಧಡ್ ಧಡ್ ಬ್ಯಾಡ. ಒಬ್ಬ ಹೆಣ್ಣಮಗಳ ದನಿ ಕೇಳಬೇಕಾಗ್ಯದ."

ಅವನು ಒಲ್ಲದ ಮನಸ್ಸಿನಿಂದ ಸಣ್ಣ ಜೋಡಿಗಳ ಕಡೆ ಬಂದು ಆಕೆಯ ಪೆನ್‌ಡ್ರೈವ್ ಹಾಕಿದ. ಬಂಡೆಮ್ಮನ ಹಾಡು ಒಂದು ಜೋಡಿಯಲ್ಲಿ ತಗಡಿನ ಮೇಲೆ ಗೀರಿದಂತೆ, ಇನ್ನೊಂದರಲ್ಲಿ ಕೊಡದೊಳಗಿಂದ ಬಂದಂತೆ ಕೇಳಿಸಿತು. ಮೂರನೆಯದು, ನಮ್ಮ ಲೆಕ್ಕಕ್ಕೆ ಎರಡು ಪಟ್ಟು ಮೀರಿದ್ದು, ಹಚ್ಚಿದ ಕೂಡಲೇ ತುಂಬಿಕೊಂಡಂತೆನಿಸಿ ನಾನು "ಇದು ಛಲೋ ಅದ" ಎಂದುಬಿಟ್ಟೆ. ಸಂಘಮಿತ್ರಾ ಮುಂದೆ ಬಾಗಿ, ಗುಂಡಿಯ ಮೇಲಿದ್ದ ಅವನ ಬೆರಳುಗಳ ಮೇಲೆ ತನ್ನ ಎಣ್ಣೆಗಪ್ಪಿನ ಕೈಯಿಟ್ಟಳು.

"ಆವಾಜ್ ಏರಿಸಿದ್ರಿ."

"ಇಲ್ರಿ ಮೇಡಂ, ಅದರ ಕ್ವಾಲಿಟಿ..."

"ಏರಿಸಿದ್ರಿ." ದನಿ ಇಳಿಯತೊಡಗಿತ್ತು. "ಹೆಚ್ಚು ಆವಾಜ್ ಮಾಡಿದ್ದು ಯಾವಾಗಲೂ ಛಲೋ ಕೇಳಸ್ತದ. ಎಲ್ಲಾ ಒಂದೇ ಮಟ್ಟಕ್ಕ ಇಟ್ಟು ಹಚ್ಚಿರಿ. ನಾ ದಿನಾ ಕಿವಿಲೇ ಕೆಲಸಾ ಮಾಡ್ತೀನಿ. ನನ್ನ ಕಿವಿಗೆ ಮೋಸ ಮಾಡಬ್ಯಾಡ್ರಿ."

ಒಂದೇ ಮಟ್ಟಕ್ಕೆ ಇಟ್ಟಾಗ ಮೂರೂ ಒಂದೇ ತೆರನಾಗಿ ತೆಳುವಾಗಿದ್ದವು. ಅಂಗಡಿ ತುಂಬ ಗಿರಾಕಿಗಳು ತಿರುಗಿ ನೋಡುತ್ತಿದ್ದರು. ನಾನು ನಾಚಿ ಬಾಗಿಲಿಗೆ ಸರಿದೆ. ಯಾರ ಪರವಾಗಿ ನಾಚಿದೆನೆಂದು ಈಗ ಕೇಳಿಕೊಂಡರೆ ಮೈ ಉರಿಯುತ್ತದೆ. ಮನೆಗೇ ತರಿಸಿ ನೋಡಿದ ಇನ್ನೊಂದು ಜೋಡಿ ನಾಲ್ಕನೇ ದಿನ ವಾಪಸು ಹೋಯಿತು. ಪ್ರತಿಸಲವೂ ಆಕೆ ಡಬ್ಬಿಯ ಮಗ್ಗುಲನ್ನು ಬೆರಳಗೆಣ್ಣಿನಿಂದ ಬಡಿಯುವಳು. ಖಣ್ ಎಂದರೆ ಹಲಗೆ ತೆಳು, ಹಾಡಿನ ಜೊತೆ ಅದೂ ಹಾಡುತ್ತದೆ ಎನ್ನುವಳು.

ಕೊನೆಗೆ ಝಹೀರರೇ ಎರಡು ಜೋಡಿ ಹಳೆಯ ಸ್ಪೀಕರುಗಳನ್ನು ಹೊಂದಿಸಿ ತಂದಿಟ್ಟರು. ಒಂದರ ಮೇಲಿನ ಚಿಕ್ಕ ಸ್ಪೀಕರ್ ಲೋಹದ್ದು. ಅದರಲ್ಲಿ ಹಾಡಿನ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇನ್ನೊಂದು ಮೊಳದುದ್ದದ, ದಪ್ಪ ಹಲಗೆಯ, ಮೇಲಿನ ಚಿಕ್ಕ ಸ್ಪೀಕರಿಗೆ ಲೋಹದ ಬದಲು ಬಟ್ಟೆಯ ಗುಮ್ಮಟವಿದ್ದ ಜೋಡಿ. ಅದರ ಕೆಳಗಿನ ದೊಡ್ಡ ಸ್ಪೀಕರಿನ ಕಾಗದದ ಶಂಕುವಿನ ಅಂಚಿನ ರಬ್ಬರನ್ನು ಝಹೀರ್ ತಾವೇ ಹೊಸದಾಗಿ ಕೂರಿಸಿದ್ದರು. ಬಡಿದರೆ ತೊಲೆಯನ್ನು ಬಡಿದಂತೆ ಮೊಂಡು ಸದ್ದು. ಅದರಲ್ಲಿ ಅಕ್ಷರಗಳು ತುಸು ಮಸುಕಾದರೂ ಹಾಡುವವಳಿಗೊಂದು ಮೈಯಿತ್ತು.

ನಾನು ಮೊದಲನೆಯದರ ಪರ ವಾದಿಸಿದೆ. "ಇದರಲ್ಲಿ ಮಾತು ಎಷ್ಟು ಸ್ಪಷ್ಟ ಕೇಳ್ತದ ನೋಡ್ರಿ. ಸಾಹಿತ್ಯ ಉಳೀಬೇಕಲ್ಲ?"

ಸಂಘಮಿತ್ರಾ ತಿರುಗಿದಳು. "ನಿಮಗ ಮಾತು ಬೇಕು ಸರ್. ಆವಾಗೂ ಮಾತೇ ಬೇಕಿತ್ತು. ಮಾತು ಬರಕೊಂಡ್ರಿ, ಅಚ್ಚು ಹಾಕಿಸಿದ್ರಿ, ದನಿ ಬೂಟಿನ ಡಬ್ಬ್ಯಾಗ ಒಗದ್ರಿ. ನನಗ ದನಿ ಬೇಕು."

ಝಹೀರ್ ಎರಡನೆಯ ಜೋಡಿಯನ್ನು ಗೋಣಿಚೀಲದಲ್ಲಿ ಸುತ್ತತೊಡಗಿದರು. ಜೊತೆಗೊಂದು ಪುಟ್ಟ ಆಂಪ್ಲಿಫೈಯರ್ ಸೇರಿಯೂ ಹತ್ತು ಸಾವಿರದೊಳಗೇ ಆಯಿತು.

ಏಪ್ರಿಲ್ ಎರಡನೆಯ ರವಿವಾರ ಕಮಲಾಪುರಕ್ಕೆ ಹೋದೆವು. ಬಸ್ಸಿನಲ್ಲಿ ಒಂದು ಪೆಟ್ಟಿಗೆ ಆಕೆಯ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ. ಬಂಡೆಮ್ಮ ಗೋಡೆಗಾನಿ ಕುಳಿತಿದ್ದರು, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು. ನಾನು ಕೈಮುಗಿದೆ. ನನ್ನನ್ನು ಬಹಳ ಹೊತ್ತು ನೋಡಿದರು, ಗುರುತು ಹಿಡಿದರು, ಕೈ ಮುಗಿಯಲಿಲ್ಲ.

ಸುಜಾತಾ ತೆರವು ಮಾಡಿದ್ದ ಗೋಡೆಯ ಗೂಡಿನಲ್ಲಿಟ್ಟರೆ ದನಿ ಗುಂಯ್‌ಗುಟ್ಟಿತು. ಸಂಘಮಿತ್ರಾ ಹಾಡನ್ನು ತಕ್ಷಣ ನಿಲ್ಲಿಸಿ, ಪೆಟ್ಟಿಗೆಗಳನ್ನು ಹೊರತೆಗೆದು, ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎರಡು ಸ್ಟೂಲುಗಳ ಮೇಲೆ, ಕುಳಿತ ಬಂಡೆಮ್ಮನ ಕಿವಿಯ ಮಟ್ಟಕ್ಕೆ ಇಟ್ಟಳು. ಪೆಟ್ಟಿಗೆಗಳ ಹಿಂಬದಿಯ ಗಾಳಿತೂತುಗಳಿಗೆ ಕೋಟಿನ ಕಿಸೆಯಿಂದ ಡಿಪೋದ ಹತ್ತಿಚಿಂದಿ ತೆಗೆದು ತುರುಕಿದಳು. ಬರಿಗಲ್ಲಿನ ಕೋಣೆ ಸದ್ದನ್ನು ಪುಟಿಸುತ್ತಿದೆಯೆಂದು ಗೋಡೆಗೊಂದು ಕೌದಿ ತೂಗುಹಾಕಿದಳು. ಇಷ್ಟೆಲ್ಲ ಆದಮೇಲೆ ಕದ ಮುಂದೆ ಮಾಡಿ, ಫೋನಿನಲ್ಲಿ ಕೇಳಿದ್ದು ಬಿಟ್ಟರೆ ಇದುವರೆಗೆ ಸಮಯ ಉಳಿಸಲು ನೇರ ಮೊದಲ ಹಾಡಿಗೇ ಹಾರುತ್ತಿದ್ದವಳು, ಅಂದು ಮೊತ್ತಮೊದಲಿನಿಂದ ಹಚ್ಚಿದಳು.

ಟೇಪಿನ ಸರಸರ. ಎಲ್ಲೋ ಒಂದು ಕೋಳಿ. ಆಮೇಲೆ ಮೈಕಿನಿಂದ ದೂರ ನಿಂತ ಗಂಡಸಿನ ದನಿ. ಫೋನಿನಲ್ಲಿ ಬರೀ ಗೊಗ್ಗರು ಸದ್ದಾಗಿ ಕೇಳಿದ್ದ ಅದು ಈಗ ಕೋಣೆಯೊಳಗೆ ನಿಂತು ಮಾತಾಡಿತು:

"ಹಾಂ, ಈಗ ಹೇಳಿದಂಗ. ಆ ದಪ್ಪ ದನಿ ಬ್ಯಾಡ, ಗಂಡಸರು ಹಾಡಿದಂಗ ಆಗ್ತದ. ಸಣ್ಣ ಮಾಡಿ ಹಾಡು. ಹೆಣ್ಣಮಕ್ಕಳ ಹಾಡು ಇದು. ಹಾಡು, ಹಾಡು."

ಬಂಡೆಮ್ಮನ ಅಂಗೈ ಫರಸಿಯ ಮೇಲೆ ಫಟ್ಟನೆ ಬಿತ್ತು. ಒಂದು ಬೆರಳು ಸ್ಪೀಕರನ್ನು ತೋರಿಸಿ, ಹಾಗೆಯೇ ಗಾಳಿಯಲ್ಲಿ ಸರಿದು ಬಂದು ನನ್ನನ್ನು ತೋರಿಸಿತು. ಆಮೇಲೆ ಹೆಬ್ಬೆರಳು ತೋರುಬೆರಳು ಕೂಡಿಸಿ ಸಣ್ಣ ದಾರ ಎಳೆದಂತೆ ಮಾಡಿ, ಕೊರಳ ಬಟ್ಟೆಯನ್ನು ಮುಟ್ಟಿ, ಕೈ ಬೀಸಿದರು. ಅಷ್ಟರಲ್ಲಿ ಆ ತೆಳುದನಿಯ ಹಾಡು ಶುರುವಾಗಿತ್ತು. ಎರಡು ತಿಂಗಳು ನಾವು ಯಂತ್ರಗಳ ದೋಷವೆಂದು ತಿಳಿದಿದ್ದ, ಒಬ್ಬ ದೊಡ್ಡ ದನಿಯ ಹೆಂಗಸು ಒಬ್ಬ ಓದಿದವನ ಮಾತಿಗಂಜಿ ಗಂಟಲನ್ನು ಹಿಂಡಿಕೊಂಡು ತೆಗೆದ ದನಿ.

ಸಂಘಮಿತ್ರಾ ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಮತ್ತೆ ಹಚ್ಚಿದಳು. ಮೂರು ಸಲ ಕೇಳಿದಳು. 'ಹಾಡು, ಹಾಡು' ಎಂಬ ಏಕವಚನವನ್ನು ನಾನೂ ಮೂರು ಸಲ ಕೇಳಿದೆ. ಬಂಡೆಮ್ಮ ನನಗಿಂತ ಆರು ವರ್ಷ ಹಿರಿಯರು.

"ಇದು ನೀವಲ್ಲೇನ್ರಿ?"

"ನಾನೇ," ಎಂದೆ.

"ಫೋನಿಗೆ ಬೈದೆ. ಅಂಗಡಿಯವಗ ಬೈದೆ. ಝಹೀರಣ್ಣನ ಕೆಲಸಕ್ಕ ಹೆಸರಿಟ್ಟೆ." ಆ ದನಿ ಎಷ್ಟು ಇಳಿಯಬಲ್ಲದೆಂದು ನಾನು ತಿಳಿದಿದ್ದೆನೋ ಅದಕ್ಕಿಂತ ಕೆಳಗಿತ್ತು. "ಅವ್ವ ಮೊದಲನೇ ದಿನಾನೇ ಹೇಳಿದ್ಲು, ನಂದಲ್ಲ ಅಂತ. ಇದ್ದದ್ದು ಇದ್ದಂಗ ಹೇಳಿದ್ಲು. ಅಕಿಗೆ ತಿಳೀಲಿಲ್ಲ ಅನಕೊಂಡೆ ನಾನು. ನಾನೂ ನಂಬಲಿಲ್ಲ."

"ಆಗ ನಮಗೆ ತಿಳಿವಳಿಕೆ ಕಡಿಮೆ ಇತ್ತು, ಸಂಘಮಿತ್ರಾ. ಕೇಳುವವರೆಲ್ಲ ಸಣ್ಣ ಕಂಠವನ್ನೇ ಒಪ್ಪುತ್ತಿದ್ದ ಕಾಲ, ವಿದ್ವಾಂಸರ ಮುಂದೆ..."

"ಹೊರಗ ಹೋಗ್ರಿ."

ನಾನು ಅಂಗಳಕ್ಕೆ ಬಂದು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕುಳಿತೆ. ಯಾರೂ ನೀರು ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಒಳಗೆ ಆಕೆ ಅವ್ವನ ನಿಜವಾದ ದನಿಯ ಒಂದೇ ಒಂದು ಹಾಡಾದರೂ ಸಿಕ್ಕೀತೇ ಎಂದು ಇಡೀ ಕ್ಯಾಸೆಟ್ಟನ್ನು ಕೇಳುತ್ತಿದ್ದಳು. ಹದಿನಾಲ್ಕು ಹಾಡುಗಳು ಒಂದಾದ ಮೇಲೊಂದು ಆ ಹಿಂಡಿದ ಗಂಟಲಿನಲ್ಲಿ ಬಂದು ಹೋದವು. ನಡುನಡುವೆ ನನ್ನ ದನಿ, "ಇನ್ನೂ ಸಣ್ಣ, ಇನ್ನೂ ಸಣ್ಣ." ಬಹುಮಾನ ಪಡೆದ ದಿನ ನಾನು ಜನಪದರ ಸಹಜತೆಯ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ.

ಕೊನೆಯ ಹಾಡು ಮುಗಿದು, "ಆತು, ಸಾಕು" ಎಂದು ನಾನು ಹೇಳಿದ್ದೂ ಕೇಳಿ, ಆಮೇಲೆ ಬಹಳ ಹೊತ್ತು ಏನೂ ಇರಲಿಲ್ಲ. ರೆಕಾರ್ಡರನ್ನು ಆರಿಸಲು ಮರೆತು ನಾನು ಎಲ್ಲಿಗೋ ಎದ್ದು ಹೋಗಿದ್ದಿರಬೇಕು. ಪಾತ್ರೆಯ ಸದ್ದು, ನೀರು ಸುರಿದ ಸದ್ದು. ಇಷ್ಟು ದೂರ ಯಾರೂ ಎಂದೂ ಕೇಳಿರಲಿಲ್ಲ. ಅನಂತರ, ಚಹಾದ ಬಟ್ಟಲು ತೊಳೆಯುತ್ತ, ಯಾರೂ ಕೇಳುತ್ತಿಲ್ಲವೆಂದು ತಿಳಿದ ಒಬ್ಬ ಹೆಂಗಸು ತನ್ನಷ್ಟಕ್ಕೆ ಹಾಡತೊಡಗಿದಳು. ಕದ ಹಾಕಿದ್ದರೂ ಆ ದನಿ ಕಲ್ಲಿನ ಗೋಡೆ ದಾಟಿ ಹೊರಬಂತು. ನಾನು ಕುಳಿತ ಕಲ್ಲಿನಲ್ಲಿ ಅದು ತಾಗಿತೆಂದರೆ ಉತ್ಪ್ರೇಕ್ಷೆಯೆಂದೀರಿ, ಇರಲಿ. ಅಷ್ಟು ತುಂಬಿದ, ಅಷ್ಟು ಆಳದ, ತನ್ನ ಭಾರವನ್ನು ತಾನೇ ಹೊತ್ತು ಆರಾಮವಾಗಿ ನಡೆಯುವ ಇನ್ನೊಂದು ಕಂಠವನ್ನು ನಾನು ಕೇಳಿಲ್ಲ. ಎರಡು ನಿಮಿಷವಿದ್ದೀತು. ಸಾಲಿನ ನಡುವೆ ಟೇಪು ಮುಗಿಯಿತು.

ಒಳಗೆ ಫರಸಿಗೆ ಅಂಗೈ ಬಡಿದ ಸದ್ದು. ಒಮ್ಮೆ. ಮತ್ತೊಮ್ಮೆ. ಮತ್ತೆ ಮತ್ತೆ.

ಎಷ್ಟೋ ಹೊತ್ತಿನ ಮೇಲೆ ಸಂಘಮಿತ್ರಾ ಕದ ತೆರೆದಳು. ಕಣ್ಣು ಕೆಂಪಾಗಿದ್ದವು. "ಅವ್ವ ಕರಿಯಾಕತ್ತಾಳ."

ಬಂಡೆಮ್ಮ ತಮ್ಮೆದುರಿಗೆ, ಎರಡು ಸ್ಪೀಕರುಗಳ ನಡುವೆ ನನ್ನನ್ನು ಕುಳ್ಳಿರಿಸಿ, ಹಚ್ಚು ಎಂದು ಮಗಳಿಗೆ ಸನ್ನೆ ಮಾಡಿದರು. ಆ ಎರಡು ನಿಮಿಷಗಳನ್ನು ನಾನು ಅವರ ಕಣ್ಣೆದುರು ಕೇಳಬೇಕಾಯಿತು. ಮುಗಿದಾಗ ಮತ್ತೊಮ್ಮೆ ಎಂದು ಬೆರಳೆತ್ತಿದರು. ಎರಡನೆಯ ಸಲವೂ ಅವರು ಹಾಡನ್ನು ಕೇಳಲಿಲ್ಲ. ನಾನು ಕೇಳುವುದನ್ನೇ ನೋಡಿದರು. ಅನಂತರ ಬಾಗಿಲತ್ತ ಕೈ ಮಾಡಿದರು. ಅದು ಕ್ಷಮೆಯಾಗಿತ್ತೆಂದು ಬರೆದುಕೊಳ್ಳುವ ಆಸೆ ನನಗೆ ಇರಲಿಲ್ಲವೆಂದಲ್ಲ. ಆಗಿರಲಿಲ್ಲ.

ಮರುವಾರ ಸಂಘಮಿತ್ರಾ ಬ್ರಹ್ಮಪುರಕ್ಕೆ ಬಂದು, ನಿಂತೇ, ತನ್ನ ಬೇಡಿಕೆ ಹೇಳಿದಳು. ಪುಸ್ತಕ ಈಗ ಅಚ್ಚಿನಲ್ಲಿಲ್ಲ; ಉಳಿದ ಪ್ರತಿಗಳು ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ಹೋಗಿ ಆ ಹದಿನಾಲ್ಕು ಹಾಡುಗಳ ಕೆಳಗೆ ನನ್ನ ಕೈಯಿಂದಲೇ ಬರೆಯಬೇಕು. ಇಲ್ಲಿಯತನಕ ಮೂವತ್ತೊಂದು ಪ್ರತಿಗಳಲ್ಲಿ ಬರೆದಿದ್ದೇನೆ: 'ಹಾಡಿದವರು ಕಮಲಾಪುರದ ಬಂಡೆಮ್ಮ, ಸಂಗ್ರಾಹಕನ ಒತ್ತಾಯಕ್ಕೆ, ತಮ್ಮದಲ್ಲದ ದನಿಯಲ್ಲಿ.' ಗ್ರಂಥಪಾಲಕರು ವಿಚಿತ್ರವಾಗಿ ನೋಡುತ್ತಾರೆ. ಒಬ್ಬರು ಪುಸ್ತಕ ಕೆಡಿಸುತ್ತಿದ್ದೇನೆಂದು ಗದರಿಸಿದರು.

ಈ ಬರಹದ ಸಂಗತಿ ತಿಳಿಸಿದಾಗ ಆಕೆ ಬೇಡವೆನ್ನಲಿಲ್ಲ. "ಬರೀರಿ. ಆದ್ರ ಕಡೀಕ ನಾ ಶಾಂತ ಆದ್ನಿ ಅಂತ ಬರೀಬ್ಯಾಡ್ರಿ. ಆಗಿಲ್ಲ," ಎಂದಳು.

ಇಂಥವರನ್ನು ಲೋಕ ಸಿಡುಕರೆಂದು ಕರೆದು ದೂರ ಸರಿಯುತ್ತದೆ. ಅಂಗಡಿಯಲ್ಲಿ, ಕಚೇರಿಯಲ್ಲಿ, ಮದುವೆಮನೆಯಲ್ಲಿ ಇರುವುದು ಇದ್ದಂತೆಯೇ ಬೇಕೆಂದು ಹಟ ಹಿಡಿದು, ಎಲ್ಲರ ಸುಖವಾದ ಮಧ್ಯಾಹ್ನಗಳನ್ನು ಕೆಡಿಸುವವರು ಇವರು. ನಮ್ಮಂಥವರಿಗೆ ತಪ್ಪು ಮಾಡಲು ಒಂದು ಗಳಿಗೆ ಸಾಕು, ಮರೆಯಲು ಒಂದು ಬಹುಮಾನ ಸಾಕು, ಮರುಗಲು ಒಂದು ಸಂಜೆ ಸಾಕು. ಮರುಗಿದ ಮರುದಿನವೇ, ಇನ್ನೂ ಯಾಕೆ ಸಿಟ್ಟು ಎಂದು ಅವರನ್ನು ಕೇಳುತ್ತೇವೆ. ನಾವು ಕಳೆದುಹಾಕಿದ್ದನ್ನು ಹುಡುಕಿ ತರುವ ಕೆಲಸ ಅವರ ಪಾಲಿಗೆ ಬಂದಿರುತ್ತದೆ, ಮತ್ತು ಆ ಕೆಲಸಕ್ಕೆ ಬೇಕಾದ ಬಲ ಅವರಿಗೆ ಸಿಗುವುದು ಆ ಸಿಟ್ಟಿನಿಂದಲೇ.